ಬಾಣಂತನಕ್ಕೆ ಹೋದವರು ದೇಶವನ್ನೂ ನೋಡಿ ಬನ್ನಿ: ಸಿಡ್ನಿಯಿಂದ ಮೆಲ್ಬರ್ನ್‌ಗೆ ರೈಲಿನಲ್ಲಿ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)

 

ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ. ನಮ್ಮಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರು ಯಾರು ಯಾರು? ಕೈ ಎತ್ತಿ. ಪರವಾಗಿಲ್ಲ, ಸಾಕಷ್ಟು ಜನ ಇದ್ದೀರಿ. ಈಗ ಇನ್ನೊಂದು ಪ್ರಶ್ನೆ. ಮಗಳ ಬಾಣಂತನಕ್ಕಲ್ಲದೆ, ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕಲ್ಲದೆ ಹೋದವರು ಎಷ್ಟು ಜನ? ನೋಡಿ, ಎಷ್ಟೊಂದು ಕೈ ಕೆಳಗಿಳಿದವು!

ಇದರಲ್ಲಿ ತಪ್ಪೇನೂ ಇಲ್ಲ. ಬಾಣಂತನ ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಮೂರು ತಿಂಗಳೋ ಆರು ತಿಂಗಳೋ ಇದ್ದು ಬಂದವರನ್ನು "ಆಸ್ಟ್ರೇಲಿಯಾ ಹೇಗಿತ್ತು?" ಅಂತ ಕೇಳಿದರೆ ಬರುವ ಉತ್ತರವೇನು? ಮಗಳ ಮನೆಯ ಅಡುಗೆಮನೆ, ಹತ್ತಿರದ ಪಾರ್ಕು, ಭಾನುವಾರದ ಮಾಲು, ಒಂದು ದಿನ ಒಪೇರಾ ಹೌಸ್ ಮುಂದೆ ತೆಗೆಸಿಕೊಂಡ ಫೋಟೊ. ಇನ್ನೊಂದು ಊರಿನಲ್ಲಿ ಮಗನೋ ತಂಗಿಯೋ ಇದ್ದರೆ ವಿಮಾನದಲ್ಲಿ ಒಂದೂವರೆ ಗಂಟೆ. ಟಿಕೆಟ್ ಮಕ್ಕಳು ತೆಗೆಯುತ್ತಾರೆ, ಅವರು ಹೇಳಿದ ದಿನ ಹೋಗಿ ಹೇಳಿದ ದಿನ ಬರುತ್ತೇವೆ.

ಹಾಗಾಗಿ ಇವತ್ತು ನಾನು ಪ್ರವಾಸಕಥನ ಹೇಳುವುದಿಲ್ಲ. ನನ್ನ ಕೆಲಸ ಸಾಫ್ಟ್‌ವೇರ್. ದಿನವಿಡೀ ಮಾಡುವುದೇ ಪ್ಲಾನಿಂಗ್. ಸಿಡ್ನಿಯಿಂದ ಮೆಲ್ಬರ್ನ್‌ಗೆ ಒಂದು ರೈಲು ಪ್ರಯಾಣವನ್ನು ಹೇಗೆ ಯೋಜಿಸಬೇಕು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ನನ್ನ ಅವ್ವ ಇದ್ದಾಳೆ. ಅವಳ ಅನುಮತಿ ತೆಗೆದುಕೊಂಡೇ ಬಂದಿದ್ದೇನೆ.

ಮೊದಲು ದೂರದ ಲೆಕ್ಕ. ಆಸ್ಟ್ರೇಲಿಯಾ ನಕಾಶೆಯಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು. ಸಿಡ್ನಿಯಿಂದ ಪರ್ತ್‌ಗೆ ರೈಲಿನಲ್ಲಿ 4352 ಕಿಲೋಮೀಟರ್. ನಮ್ಮ ದೇಶದ ಅತಿ ದೂರದ ರೈಲು, ಅಸ್ಸಾಮಿನಿಂದ ಕನ್ಯಾಕುಮಾರಿಗೆ ಹೋಗುವ ವಿವೇಕ ಎಕ್ಸ್‌ಪ್ರೆಸ್ ಓಡುವುದಕ್ಕಿಂತಲೂ ಹೆಚ್ಚು. ಆ ಗಾಡಿಯ ಹೆಸರು ಇಂಡಿಯನ್ ಪೆಸಿಫಿಕ್. ಹೆಸರು ಕೇಳಿ ನಮಗೂ ಅದಕ್ಕೂ ಏನೋ ಸಂಬಂಧ ಅಂದುಕೊಳ್ಳಬೇಡಿ. ಹಿಂದೂ ಮಹಾಸಾಗರದ ದಡದಿಂದ ಪೆಸಿಫಿಕ್ ಸಾಗರದ ದಡಕ್ಕೆ ಓಡುವುದರಿಂದ ಆ ಹೆಸರು. 1970ರಲ್ಲಿ ಶುರುವಾಯಿತು. ಮೂರು ರಾತ್ರಿಯ ಪ್ರಯಾಣ. ನಡುವೆ ನಲ್ಲಾರ್‌ಬೋರ್ ಎಂಬ ಬಯಲಿದೆ. ಲ್ಯಾಟಿನ್‌ನಲ್ಲಿ ಮರವೇ ಇಲ್ಲದ್ದು ಅಂತ ಅರ್ಥ. ಅಲ್ಲಿ 478 ಕಿಲೋಮೀಟರ್ ಹಳಿ ಒಂದು ತಿರುವೂ ಇಲ್ಲದೆ ಗೆರೆ ಎಳೆದಂತೆ ಹೋಗುತ್ತದೆ. ಜಗತ್ತಿನಲ್ಲಿ ಇಷ್ಟು ಉದ್ದದ ನೇರ ಹಳಿ ಬೇರೆಲ್ಲೂ ಇಲ್ಲ.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದು ಈಗ ಪ್ರವಾಸಿಗಳ ಗಾಡಿ. ಊಟ, ಹಾಸಿಗೆ, ನಡುವೆ ಇಳಿದು ನೋಡುವುದು ಎಲ್ಲ ಸೇರಿ ಟಿಕೆಟ್ ಸಾವಿರಾರು ಡಾಲರ್. ಕಡಿಮೆ ದರದ ಸೀಟುಗಳನ್ನು 2016ರಲ್ಲೇ ನಿಲ್ಲಿಸಿದರು. ಅಡಿಲೇಡ್‌ನಿಂದ ಡಾರ್ವಿನ್‌ಗೆ ಹೋಗುವ ಘಾನ್ ಕೂಡ ಇದೇ ಬಗೆಯದು. ಹಣ, ಸಮಯ ಎರಡೂ ಇದ್ದರೆ ಖಂಡಿತ ಹೋಗಿ. ನಾನು ಇವತ್ತು ಹೇಳುತ್ತಿರುವುದು ಸಾಮಾನ್ಯ ಜನ ಓಡಾಡುವ ಗಾಡಿಯ ಬಗ್ಗೆ.

ಸಿಡ್ನಿ ಮತ್ತು ಮೆಲ್ಬರ್ನ್ ನಡುವೆ ರೈಲು ದಾರಿ ಸುಮಾರು 960 ಕಿಲೋಮೀಟರ್. ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರ, ಕಲಬುರಗಿ ಮೇಲೆ ಬೆಂಗಳೂರಿಗೆ ಹೋದಷ್ಟೇ ದೂರ ಅನ್ನಿ. ಸುಮಾರು ಹನ್ನೊಂದು ಗಂಟೆಯ ಪ್ರಯಾಣ. ಎಕ್ಸ್‌ಪಿಟಿ ಅಂತ ಕರೆಯುವ ಡೀಸೆಲ್ ಗಾಡಿ. ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರದ ರೈಲು ಸೇವೆ ಅದನ್ನು ಓಡಿಸುತ್ತದೆ. ಎರಡೂ ಕಡೆಯಿಂದ ಬೆಳಗ್ಗೆ ಒಂದು, ರಾತ್ರಿ ಒಂದು. ಒಂದು ತಪ್ಪಿದರೆ ಇನ್ನೊಂದು ಅನ್ನುವ ನಮ್ಮ ಧೈರ್ಯ ಅಲ್ಲಿ ನಡೆಯುವುದಿಲ್ಲ. ಅದಕ್ಕೇ ಅಲ್ಲಿ ಪ್ಲಾನ್ ಬೇಕು.

ಸಾಫ್ಟ್‌ವೇರ್‌ನಲ್ಲಿ ಮೊದಲ ಹಂತಕ್ಕೆ ರಿಕ್ವೈರ್‌ಮೆಂಟ್ ಅನ್ನುತ್ತೇವೆ. ಅಂದರೆ, ಬಳಸುವವರಿಗೆ ಏನು ಬೇಕು ಅಂತ ಅವರನ್ನೇ ಕೇಳುವುದು. 2019ರಲ್ಲಿ ನಾನು ಕಂಪನಿ ಕೆಲಸದ ಮೇಲೆ ಸಿಡ್ನಿಯಲ್ಲಿದ್ದೆ. ಅಕ್ಕನ ಸಂಸಾರವೂ ಅಲ್ಲೇ. ಅಕ್ಕನ ಬಾಣಂತನಕ್ಕೆ ಅವ್ವ ಬಂದಿದ್ದಳು. ಮೂರು ತಿಂಗಳು ಮುಗಿದ ಮೇಲೆ ಮೆಲ್ಬರ್ನ್‌ನಲ್ಲಿ ಮಗನ ಮನೆಯಲ್ಲಿದ್ದ ಚಿಕ್ಕವ್ವನನ್ನು ನೋಡಬೇಕು ಅಂದಳು. ಭಾವ ಕೂಡಲೇ ಮೊಬೈಲ್ ತೆಗೆದರು.

"ಅತ್ತಿಯವರ, ವಿಮಾನದಾಗ ಒಂದೂವರಿ ತಾಸು. ಟಿಕೆಟ್ ತಗೀಲೇನು?"

ಅವ್ವ ಹೇಳಿದಳು: "ಮ್ಯಾಲಿಂದನ ಬಂದೀನಿ, ಮ್ಯಾಲಿಂದನ ಹೋಗಾಕಿ ಅದೀನಿ. ನಡುವ ಈ ದೇಶಾ ನಾ ಯಾವಾಗ ನೋಡ್ಲಿ? ರೈಲು ಇಲ್ಲೇನು ನಿಮ್ಮ ಊರಾಗ?"

ಭಾವನಿಗೆ ಇದ್ದ ಕಾಳಜಿ ಸುಳ್ಳಲ್ಲ. ಅವ್ವನಿಗೆ ಅರವತ್ನಾಲ್ಕು ವರ್ಷ, ಮೊಣಕಾಲು ನೋವು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಕ್ಕ ಕೂಸನ್ನು ಬಿಟ್ಟು ಹೋಗುವ ಹಾಗಿಲ್ಲ, ನಮಗಿಬ್ಬರಿಗೂ ರಜೆ ಇಲ್ಲ. ಅಂದರೆ ಅವಳು ಒಬ್ಬಳೇ ಹೋಗಬೇಕು. ವಿಮಾನದ ಟಿಕೆಟ್ ಮೊದಲೇ ತೆಗೆದರೆ ಎಷ್ಟೋ ಸಲ ರೈಲಿಗಿಂತ ಅಗ್ಗ. ಸಮಯ, ಹಣ ಎರಡರ ಲೆಕ್ಕದಲ್ಲೂ ವಿಮಾನವೇ ಗೆಲ್ಲುತ್ತದೆ. ಆದರೆ ಅವ್ವ ಹೇಳಿದ ರಿಕ್ವೈರ್‌ಮೆಂಟ್ ಬೇಗ ತಲುಪುವುದಲ್ಲ, ನೋಡುವುದು. ಇದು ಗೊತ್ತಾದ ಮೇಲೆ ಮುಂದಿನ ಎಲ್ಲ ಪ್ರಶ್ನೆಗಳಿಗೂ ಉತ್ತರ ಸುಲಭವಾಯಿತು. ನೀವೂ ಇಲ್ಲಿಂದಲೇ ಶುರು ಮಾಡಿ: ಈ ಪ್ರಯಾಣ ನನಗೆ ಯಾಕೆ ಬೇಕು?

ಎರಡನೆಯದು, ಹಗಲೋ ರಾತ್ರಿಯೋ. ರಾತ್ರಿ ಗಾಡಿ ಹತ್ತಿದರೆ ಒಂದು ದಿನ ಉಳಿಯುತ್ತದೆ. ಆದರೆ ಹೊರಗೆ ಏನೂ ಕಾಣುವುದಿಲ್ಲ. ನಮ್ಮ ಸ್ಲೀಪರ್ ಬೋಗಿಯ ಹಾಗೆ ಎಲ್ಲರಿಗೂ ಮಲಗುವ ಬರ್ತ್ ಇರುವುದಿಲ್ಲ. ಹೆಚ್ಚಿನವು ಕೂರುವ ಸೀಟುಗಳು. ಮೊಣಕಾಲು ನೋವಿರುವವರಿಗೆ ರಾತ್ರಿಯಿಡೀ ಕೂತು ಪ್ರಯಾಣ ಕಷ್ಟ. ನೋಡುವುದೇ ಉದ್ದೇಶವಾದರೆ ಹಗಲು ಗಾಡಿಯೇ ಸರಿ. ಬೆಳಗ್ಗೆ ಏಳೂವರೆ ಸುಮಾರಿಗೆ ಸಿಡ್ನಿ ಬಿಟ್ಟರೆ ಸಂಜೆ ಆರೂವರೆ ಹೊತ್ತಿಗೆ ಮೆಲ್ಬರ್ನ್.

ಮೂರನೆಯದು, ತಿಂಗಳು. ಅಲ್ಲಿ ಋತುಗಳು ನಮಗೆ ಉಲ್ಟಾ. ಜೂನ್, ಜುಲೈ ಚಳಿಗಾಲ. ಮೆಲ್ಬರ್ನ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಪ್ರಯಾಣದ ಕೊನೆಯ ಭಾಗ ಕತ್ತಲಲ್ಲೇ. ಡಿಸೆಂಬರ್, ಜನವರಿ ಬೇಸಿಗೆ. ಬೆಳಕು ಧಾರಾಳ, ಆದರೆ ಬಿಸಿಲು ಅತಿಯಾದ ದಿನ ಹಳಿ ಹಿಗ್ಗುವುದರಿಂದ ಗಾಡಿ ನಿಧಾನ ಓಡಿಸುತ್ತಾರೆ. ಜೊತೆಗೆ ಶಾಲೆಯ ರಜೆ, ಸೀಟು ಸಿಗುವುದು ಕಷ್ಟ. ಅವ್ವ ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅದು ಅವರ ವಸಂತ. ನಡುವಿನ ರಿವರೈನಾ ಸೀಮೆಯಲ್ಲಿ ಸಾಸಿವೆಯ ಜಾತಿಯ ಕನೋಲಾ ಹೂ ಬಿಟ್ಟು ಹೊಲಗಳೆಲ್ಲ ಹಳದಿಯಾಗಿರುತ್ತವೆ.

ನಾಲ್ಕನೆಯದು, ಟಿಕೆಟ್ ಮತ್ತು ಸಾಮಾನು. ಇದು ರಿಸರ್ವೇಶನ್ ಗಾಡಿ, ಮೊದಲೇ ಬುಕ್ ಮಾಡಲೇಬೇಕು. ಸಿಡ್ನಿಯ ಲೋಕಲ್ ರೈಲಿನ ಓಪಲ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಮೆಲ್ಬರ್ನ್‌ನಲ್ಲಿ ಇಳಿದ ಮೇಲೆ ಟ್ರಾಮ್, ಲೋಕಲ್ ರೈಲಿಗೆ ಮೈಕಿ ಅನ್ನುವ ಬೇರೆ ಕಾರ್ಡ್. ಲಗೇಜ್ ಬೋಗಿಗೆ ಕೊಡುವ ಪೆಟ್ಟಿಗೆ ಒಂದೊಂದಕ್ಕೆ 20 ಕಿಲೋ ಮಿತಿ. ನಾವು ಭಾರತದಿಂದ ವಿಮಾನಕ್ಕೆಂದು 23 ಕಿಲೋ ತುಂಬಿಕೊಂಡು ಹೋಗಿರುತ್ತೇವಲ್ಲ, ಅದೇ ಪೆಟ್ಟಿಗೆ ಇಲ್ಲಿ ಹೆಚ್ಚಾಗುತ್ತದೆ. ಒಂದು ವಾರದ ಪ್ರಯಾಣಕ್ಕೆ ಚಿಕ್ಕ ಬ್ಯಾಗು ಸಾಕು, ದೊಡ್ಡದು ಮಗಳ ಮನೆಯಲ್ಲೇ ಇರಲಿ. ಹತ್ತಲು ಇಳಿಯಲು ಸಹಾಯ ಬೇಕಾದರೆ ಬುಕ್ ಮಾಡುವಾಗಲೇ ತಿಳಿಸಿ. ಅದಕ್ಕೆ ನಾಚಿಕೆ ಬೇಡ.

ಐದನೆಯದು, ಊಟ ಮತ್ತು ಆರೋಗ್ಯ. ಚಾಯ್ ಚಾಯ್ ಅಂತ ಯಾರೂ ಬರುವುದಿಲ್ಲ. ನಿಲ್ದಾಣಗಳಲ್ಲಿ ಗಾಡಿ ಸ್ವಲ್ಪವೇ ಹೊತ್ತು ನಿಲ್ಲುತ್ತದೆ, ಇಳಿದು ತಿಂಡಿ ತರುತ್ತೇನೆ ಅನ್ನುವ ಸಾಹಸ ಬೇಡ. ಗಾಡಿಯೊಳಗೆ ಬಫೆ ಇದೆ. ಚಹಾ, ಕಾಫಿ, ಸ್ಯಾಂಡ್‌ವಿಚ್, ಬಿಸಿ ಊಟ ಸಿಗುತ್ತದೆ, ಆದರೆ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಮನೆಯ ಬುತ್ತಿ ಒಯ್ಯಬಹುದು. ಅವ್ವ ಹಿಂದಿನ ದಿನವೇ ಚಪಾತಿ, ಶೇಂಗಾ ಚಟ್ನಿ, ಒಣ ಬಟಾಟೆ ಪಲ್ಯ ಕಟ್ಟಿಕೊಂಡಳು. ಗುಳಿಗೆ, ಕನ್ನಡಕ, ನೀರಿನ ಬಾಟಲಿ, ಒಂದು ಶಾಲು ಇವೆಲ್ಲ ಕೈಚೀಲದಲ್ಲೇ ಇರಲಿ. ಎಸಿ ಬಹಳ ತಣ್ಣಗಿರುತ್ತದೆ. ಹಳ್ಳಿಗಾಡಿನಲ್ಲಿ ಮೊಬೈಲ್ ಸಿಗ್ನಲ್ ಆಗಾಗ ಹೋಗುತ್ತದೆ, ಮನೆಯವರು ಗಾಬರಿಯಾಗಬಾರದು. ತುರ್ತು ಸಹಾಯಕ್ಕೆ ಆಸ್ಟ್ರೇಲಿಯಾದ ನಂಬರ್ 000. ಪರ್ತ್ ಅಥವಾ ಅಡಿಲೇಡ್ ಕಡೆಗೆ ಹೋಗುವವರು ಇನ್ನೊಂದು ನೆನಪಿಡಿ: ಬೆಳೆಗೆ ರೋಗ ತಗಲಬಾರದು ಅಂತ ಆ ರಾಜ್ಯಗಳು ಹೊರಗಿನ ಹಣ್ಣು ತರಕಾರಿ ಒಳಗೆ ಬಿಡುವುದಿಲ್ಲ.

ಆರನೆಯದು, ನಾವು ಬಫರ್ ಅನ್ನುವುದು. ಅಂದರೆ ಕೈಯಲ್ಲಿ ಸ್ವಲ್ಪ ಹೆಚ್ಚಿನ ಸಮಯ. ಈ ಮಾರ್ಗದಲ್ಲಿ ಗೂಡ್ಸ್ ಗಾಡಿಗಳ ಓಡಾಟವೂ ಇದೆ, ತಡವಾಗಬಹುದು. ಹಳಿ ರಿಪೇರಿ ನಡೆಯುವ ದಿನಗಳಲ್ಲಿ ಸ್ವಲ್ಪ ದೂರವನ್ನೋ ಪೂರ್ತಿ ದಾರಿಯನ್ನೋ ಬಸ್ಸಿನಲ್ಲಿ ಮುಗಿಸುತ್ತಾರೆ. ನಿಮಗೆ ರೈಲೇ ಬೇಕಾದರೆ ಟಿಕೆಟ್ ತೆಗೆಯುವ ಮೊದಲು ಅದನ್ನು ನೋಡಿ, ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ನೋಡಿ. ಭಾರತಕ್ಕೆ ಹೊರಡುವ ವಿಮಾನ ಮರುದಿನ ಇದ್ದರೆ ಹಿಂದಿನ ದಿನ ಈ ರೈಲು ಹಿಡಿಯಬೇಡಿ. ನಡುವೆ ಪೂರ್ತಿ ಒಂದು ದಿನವಾದರೂ ಖಾಲಿ ಇರಲಿ. ಹಳೆಯ ಗಾಡಿಗಳ ಬದಲು ಹೊಸವನ್ನು ತರುವ ಕೆಲಸವೂ ನಡೆದಿದೆ, ಹಾಗಾಗಿ ವೇಳೆ ಮತ್ತು ಸೌಕರ್ಯಗಳನ್ನು ಆಗಿನದಾಗಿಯೇ ನೋಡಿಕೊಳ್ಳಿ.

ಕೊನೆಯದು, ಭಾಷೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅವ್ವನ ಅಂಜಿಕೆ ಇದ್ದದ್ದು ದೂರದ ಬಗ್ಗೆ ಅಲ್ಲ. "ನಾ ಎಲ್ಲಿ ಅದೀನಿ ಅಂತ ನನಗ ಗೊತ್ತಾಗಬೇಕು" ಅಂದಳು. ಅದಕ್ಕೆ ಆ್ಯಪ್ ಬೇಕಾಗಲಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ನಿಲ್ದಾಣಗಳ ಹೆಸರು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರು, ತಲುಪುವ ವೇಳೆ, ಅಲ್ಲಿ ನೋಡಬೇಕಾದದ್ದು ಇಷ್ಟನ್ನು ದೊಡ್ಡದಾಗಿ ಬರೆದೆವು. ಕೆಳಗೆ ನಮ್ಮ ಎಲ್ಲರ ಫೋನ್ ನಂಬರು. ಆ ಹಾಳೆಯಲ್ಲಿ ಏನಿತ್ತು ಅಂತ ಸ್ವಲ್ಪ ಹೇಳುತ್ತೇನೆ, ನಿಮಗೂ ದಾರಿಯ ಅಂದಾಜಾಗುತ್ತದೆ.

ಹೊರಡುವುದು ಸಿಡ್ನಿ ಸೆಂಟ್ರಲ್. ಗಡಿಯಾರ ಗೋಪುರ ಇರುವ ದೊಡ್ಡ ಕಲ್ಲಿನ ಕಟ್ಟಡ, 1906ರಲ್ಲಿ ಶುರುವಾದದ್ದು. ಊರು ದಾಟಿದ ಮೇಲೆ ತಂಪಾದ ಎತ್ತರದ ಸೀಮೆ, ಹಸಿರು ಹುಲ್ಲುಗಾವಲು. ಆಮೇಲೆ ಗೋಲ್ಬರ್ನ್, ಕುರಿ ಮತ್ತು ಉಣ್ಣೆಯ ಊರು. ಊರಿನವರು ದೊಡ್ಡದೊಂದು ಕುರಿಯ ಮೂರ್ತಿಯನ್ನೇ ಕಟ್ಟಿದ್ದಾರೆ. ಮುಂದೆ ಕೂಟಮಂಡ್ರ; ಕ್ರಿಕೆಟ್ಟಿನ ಡಾನ್ ಬ್ರಾಡ್ಮನ್ 1908ರಲ್ಲಿ ಹುಟ್ಟಿದ ಊರು. ಜೂನೀ, ವಾಗಾ ವಾಗಾ, ಆಮೇಲೆ ಗೋಧಿಯ ಮತ್ತು ಕನೋಲಾದ ಹೊಲಗಳು. ಮಧ್ಯಾಹ್ನ ಮೂರರ ಸುಮಾರಿಗೆ ಆಲ್ಬರಿ.

ಆಲ್ಬರಿಯ ಬಗ್ಗೆ ಒಂದು ಮಾತು ಹೆಚ್ಚು ಹೇಳಲೇಬೇಕು. ಅದು ಎರಡು ರಾಜ್ಯಗಳ ಗಡಿ. ದಾಟಿದ ಕೂಡಲೇ ಮರ್ರೀ ನದಿ, ಆಚೆ ವಿಕ್ಟೋರಿಯಾ. ಹಿಂದೆ ಈ ಎರಡೂ ಬೇರೆ ಬೇರೆ ವಸಾಹತುಗಳಾಗಿದ್ದಾಗ ಒಬ್ಬರ ಹಳಿಯ ಅಗಲ 1435 ಮಿಲಿಮೀಟರ್, ಇನ್ನೊಬ್ಬರದು 1600. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಹಾಗಾಗಿ ಪ್ರಯಾಣಿಕರು ಸಾಮಾನು ಸಮೇತ ಆಲ್ಬರಿಯಲ್ಲಿ ಇಳಿದು ಎದುರಿಗಿನ ಗಾಡಿ ಹತ್ತಬೇಕಿತ್ತು. ಎರಡೂ ಗಾಡಿ ನಿಲ್ಲಬೇಕಲ್ಲ, ಅದಕ್ಕೇ ಅಲ್ಲಿನ ಪ್ಲಾಟ್‌ಫಾರಂ ಅಷ್ಟು ಉದ್ದ. 1895ರಲ್ಲಿ ಆ ದಾರಿಯಲ್ಲಿ ಹೋದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಈ ವ್ಯವಸ್ಥೆಯನ್ನು ಚೆನ್ನಾಗಿ ಗೇಲಿ ಮಾಡಿದ್ದಾರೆ. ಒಂದೇ ಗಾಡಿಯಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವುದು ಸಾಧ್ಯವಾದದ್ದು 1962ರಲ್ಲಿ.

ಇದನ್ನು ಓದಿ ಹೇಳಿದಾಗ ಅವ್ವ ನಕ್ಕು, "ಅಂದ್ರ ಇದು ಅವರ ಮಿರಜ್ ಅನ್ನು" ಅಂದಳು. ಇಲ್ಲಿರುವ ಹಿರಿಯರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪುಣೆಯಿಂದ ಮಿರಜ್‌ವರೆಗೆ ಬ್ರಾಡ್‌ಗೇಜ್, ಅಲ್ಲಿಂದ ಧಾರವಾಡದ ಕಡೆಗೆ ಮೀಟರ್‌ಗೇಜ್ ಇದ್ದ ಕಾಲ ನಿಮಗೆ ನೆನಪಿದೆ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಟ್ರಂಕು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಅರೆನಿದ್ದೆಯಲ್ಲಿ ಗಾಡಿ ಬದಲಿಸಿದವರು ನೀವು. ನನಗೆ ಆಗ ಹೊಳೆದದ್ದು ಇದು. ಅವ್ವನಿಗೆ ಪ್ರಯಾಣ ಕಲಿಸುವವರು ನಾವಲ್ಲ. ನಾವು ಪಿಎನ್‌ಆರ್ ಅನ್ನುವ ಪದ ಕೇಳುವ ಮೊದಲೇ ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಎರಡು ಗೇಜ್ ದಾಟಿದವಳು. ಅವಳಿಗೆ ಬೇಕಾದದ್ದು ಕನ್ನಡದಲ್ಲಿ ಒಂದು ಹಾಳೆ, ಮತ್ತು ಮನೆಯವರು ಅಡ್ಡ ಬರದೆ ಇರುವುದು.

ಆಲ್ಬರಿ ಆದ ಮೇಲೆ ಗ್ಲೆನ್‌ರೋವನ್ ಎಂಬ ಊರು ಹಾದು ಹೋಗುತ್ತದೆ. ನೆಡ್ ಕೆಲ್ಲಿ ಎಂಬ ಹೆಸರಾಂತ ದರೋಡೆಕೋರ ಕಬ್ಬಿಣದ ಕವಚ ತೊಟ್ಟು ಪೊಲೀಸರೊಡನೆ ಹೋರಾಡಿ 1880ರಲ್ಲಿ ಸಿಕ್ಕಿಬಿದ್ದದ್ದು ಅಲ್ಲೇ. ಕೊನೆಗೆ ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣ, ಅಲೆ ಅಲೆಯಾದ ದೊಡ್ಡ ಚಾವಣಿ. ಕರೆದುಕೊಂಡು ಹೋಗುವವರು ಪ್ಲಾಟ್‌ಫಾರಂನಲ್ಲೇ ಇರಬೇಕು, ಹೊರಗೆ ಕಾರಿನಲ್ಲಿ ಅಲ್ಲ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಅವ್ವ ಹೋದಳು. ಪ್ರತಿ ನಿಲ್ದಾಣ ಬಂದಾಗಲೂ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಹಾಕಿದ್ದಳು. ಪಕ್ಕದ ಸೀಟಿನ ವಯಸ್ಸಾದ ಹೆಣ್ಣುಮಗಳಿಗೆ ಚಪಾತಿ ಕೊಟ್ಟಳಂತೆ, ಆಕೆ ಬಿಸ್ಕೆಟ್ ಕೊಟ್ಟಳಂತೆ. ಇಬ್ಬರೂ ಮೊಮ್ಮಕ್ಕಳ ಫೋಟೊ ತೋರಿಸಿಕೊಂಡರಂತೆ. ಅದಕ್ಕೆ ಎಷ್ಟು ಇಂಗ್ಲಿಷ್ ಬೇಕೋ ಅಷ್ಟು ಅವ್ವನ ಹತ್ತಿರ ಇತ್ತು. ಸಂಜೆ ಚಿಕ್ಕವ್ವನ ಮನೆಯಿಂದ ಫೋನ್ ಮಾಡಿದಾಗ ನಮಗೆ ಸಿಕ್ಕ ಮೊದಲ ಮಾತು: "ಕುರಿ ಬಾಳ ಅದಾವ, ಮಂದಿನ ಇಲ್ಲ."

ವಾಪಸ್ ಬರಲು ಭಾವ ಮತ್ತೆ ವಿಮಾನದ ಮಾತು ತೆಗೆದರು. ಹಾಳೆಯ ಹಿಂಬದಿಯಲ್ಲಿ ನಾನು ಒಂದು ವಿಷಯ ಬರೆದಿದ್ದೆ. ಕೂಟಮಂಡ್ರ ಮತ್ತು ಜೂನೀ ನಡುವೆ ಬೆಥಂಗ್ರ ಎಂಬಲ್ಲಿ ಏರು ಕಡಿದಾಗಿದೆ. ಸಿಡ್ನಿ ಕಡೆಗೆ ಏರುವ ಗಾಡಿಗಳಿಗೆ ಕಷ್ಟವಾಗಬಾರದು ಅಂತ 1946ರಲ್ಲಿ ಗುಡ್ಡದ ಸುತ್ತ ಹಳಿಯನ್ನು ಸುರುಳಿಯ ಹಾಗೆ ತಿರುಗಿಸಿದ್ದಾರೆ; ಗಾಡಿ ಒಂದು ಸುತ್ತು ಹಾಕಿ ತನ್ನ ದಾರಿಯನ್ನೇ ಮೇಲಿನಿಂದ ದಾಟುತ್ತದೆ. ಮೆಲ್ಬರ್ನ್ ಕಡೆಗೆ ಇಳಿಯುವ ಗಾಡಿಗಳು ಹಳೆಯ ನೇರ ಹಳಿಯಲ್ಲೇ ಹೋಗುವುದರಿಂದ ಇದು ವಾಪಸ್ ಬರುವಾಗ ಮಾತ್ರ ಸಿಗುತ್ತದೆ. ಅವ್ವ ಅದನ್ನು ಓದಿದ್ದಳು. "ಹಗಲು ಗಾಡಿಗೇ ತಗಿ, ಆ ಸುತ್ತು ನೋಡಬೇಕು" ಅಂದಳು. ಈ ಸಲ ದಿನಾಂಕವನ್ನೂ ಅವಳೇ ಹೇಳಿದಳು.

ಗೆಳತಿಯರೆ, ಇದರಿಂದ ಅವ್ವನ ಜೀವನವೇ ಬದಲಾಯಿತು ಅಂತೇನೂ ನಾನು ಹೇಳುವುದಿಲ್ಲ. ಮರುದಿನ ಬೆಳಗ್ಗೆ ಎದ್ದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಆದರೆ ಈಗ ಯಾರಾದರೂ ಆಸ್ಟ್ರೇಲಿಯಾ ಅಂದರೆ ಅವಳ ಹತ್ತಿರ ಹೇಳುವುದಕ್ಕೆ ಅವಳದೇ ಆದ ಎರಡು ದಿನ ಇವೆ.

ಹೋಗುವ ಹಿರಿಯರಿಗೆ ನನ್ನ ಮಾತು: ಮಕ್ಕಳು ಟಿಕೆಟ್ ತೆಗೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾಕೆ ಹೋಗಬೇಕು, ಹಗಲೋ ರಾತ್ರಿಯೋ, ಯಾವ ತಿಂಗಳು, ಎಷ್ಟು ಸಾಮಾನು, ಏನು ಬುತ್ತಿ, ಎಲ್ಲಿ ಒಂದು ದಿನ ಖಾಲಿ ಬಿಡಬೇಕು ಇವನ್ನು ನೀವೇ ಬರೆಯಿರಿ. ಆಮೇಲೆ ಅವರಿಗೆ ಕೊಡಿ. ನನ್ನ ವಯಸ್ಸಿನವರಿಗೆ ಒಂದು ಮಾತು: ಅವ್ವ, ಅತ್ತೆ ಬಂದಾಗ "ನಿಮಗೆ ಕಷ್ಟ ಆಗುತ್ತೆ" ಅನ್ನುವ ಮೊದಲು "ನಿಮಗೆ ಏನು ನೋಡಬೇಕು?" ಅಂತ ಒಂದು ಸಲ ಕೇಳಿ.

ಆ ಕನ್ನಡ ಹಾಳೆಯ ಪ್ರತಿಗಳನ್ನು ತಂದಿದ್ದೇನೆ. ವೇಳೆಯ ಜಾಗ ಖಾಲಿ ಬಿಟ್ಟಿದ್ದೇನೆ, ಹೋಗುವ ದಿನದ ವೇಳಾಪಟ್ಟಿ ನೋಡಿ ನೀವೇ ತುಂಬಿಕೊಳ್ಳಿ. ಈ ವರ್ಷ ಹೋಗುವವರು ಇದ್ದರೆ ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಕೂತು ಮಾತಾಡೋಣ.